ಮಣ್ಣಿನ ಏಳು, ನೆತ್ತರಿನ ಏಳು

ಈ ವಾರದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆನು. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ದೇವರಾಯಸಮುದ್ರದಿಂದ ಅದನ್ನು ಬರೆದವರು ನಿವೃತ್ತ ಉಪಾಧ್ಯಾಯರೊಬ್ಬರು. ಈಗ ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ ಬೆಳೆಯುತ್ತಿರುವವರು. ಪತ್ರವನ್ನು ಪ್ರಕಟಿಸಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರನ್ನು ಬಿಟ್ಟು, ಮುಖ್ಯ ಭಾಗವನ್ನು ಹಾಗೆಯೇ ಇಲ್ಲಿ ಕೊಡುತ್ತೇನೆ.

"ಡಾಕ್ಟರರೇ, ನನ್ನ ಮೊಮ್ಮಗನಿಗೆ ಹತ್ತೊಂಬತ್ತು ವರ್ಷ. ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಾನೆ. ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ರಜೆಗೆ ಊರಿಗೆ ಬಂದವನಿಗೆ ಜ್ವರ, ವಾಂತಿ ಹಿಡಿಯಿತು. ಎರಡು ದಿನ ಒಂದು ತುತ್ತು ಸೇರಲಿಲ್ಲ. ಊಟವಿಲ್ಲದವನಿಗೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಪೂರ್ತಿ ಇಳಿದು ಪ್ರಾಣಕ್ಕೇ ಬಂದೀತೆಂದು ನಾನೇ ಬೇಡವೆಂದೆ. ಮೂರನೆಯ ದಿನ ಬೆಳಗ್ಗೆ, ಹಾಸಿಗೆಯಲ್ಲಿ ಮಲಗಿದ್ದವನು ಬಹುದೂರ ಓಡಿ ಬಂದವನಂತೆ ಏದುಸಿರು ಬಿಡತೊಡಗಿದನು. ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ಸಲೈನ್ ಹಚ್ಚಿ, ಮಣಿಕಟ್ಟಿನಿಂದ ರಕ್ತ ತೆಗೆದರು. ಬಂದ ಚೀಟಿಯಲ್ಲಿ ಪಿ.ಎಚ್. 7.10 ಎಂದಿತ್ತು. ನನ್ನ ಹೊಲದ ಮಣ್ಣಿನ ಚೀಟಿಯಲ್ಲಿ 6.8 ಇದೆ, ಅದು ಒಳ್ಳೆಯ ಮಣ್ಣೆಂದು ಕೃಷಿ ಇಲಾಖೆಯವರೇ ಹೇಳಿದ್ದರು. ಏಳೆಂದರೆ ಹುಳಿಯೂ ಅಲ್ಲ, ಚೌಳೂ ಅಲ್ಲ, ನಟ್ಟನಡುವೆ ಎಂದು ಮಕ್ಕಳಿಗೆ ಪಾಠ ಮಾಡಿದವನು ನಾನು. ಆದುದರಿಂದ ಹುಡುಗನನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕೆಂದಾಗ, ಅಂಕಿ ಇಷ್ಟು ಚೆನ್ನಾಗಿರುವಾಗ ಏಕೆಂದು ಅರ್ಧ ಗಂಟೆ ವಾದಿಸಿದೆ. ದೇವರು ದೊಡ್ಡವನು, ಹುಡುಗ ಉಳಿದ. ಐದನೆಯ ದಿನ ಮನೆಗೆ ಬಂದ. ಆದರೆ ನನಗೆ ನಿದ್ದೆಯಿಲ್ಲ. 7.40 ಇರಬೇಕಾದ ಕಡೆ 7.10. ರೂಪಾಯಿಯಲ್ಲಿ ಮೂವತ್ತು ಪೈಸೆಯ ವ್ಯತ್ಯಾಸ. ಅಷ್ಟಕ್ಕೇ ಒಂದು ಜೀವ ಹೋಗುವುದೇ? ನಾನು ಮಾಡಿದ ತಪ್ಪು ಎಷ್ಟು ದೊಡ್ಡದು? ಮುಚ್ಚದೆ ಹೇಳಿ. ಚೀಟಿಯ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ."

ಮೇಷ್ಟರೇ, ಮುಚ್ಚದೆಯೇ ಹೇಳುತ್ತೇನೆ. ಆದರೆ ತಪ್ಪಿನ ತೂಕ ತಿಳಿಯಬೇಕಾದರೆ ಮೊದಲು ತಕ್ಕಡಿಯ ಬಗೆ ತಿಳಿಯಬೇಕು.

ಅಂಕಿಯ ಹಿಂದಿನ ಲೆಕ್ಕ

ಪಿ.ಎಚ್. ಎಂಬ ಅಳತೆಯನ್ನು 1909ರಲ್ಲಿ ಬಳಕೆಗೆ ತಂದವನು ಡೆನ್ಮಾರ್ಕ್ ದೇಶದ ಸೊರೆನ್‌ಸನ್ ಎಂಬ ರಸಾಯನಶಾಸ್ತ್ರಜ್ಞ. ಕೋಪನ್‌ಹೇಗನ್ ನಗರದಲ್ಲಿ ಬಿಯರ್ ತಯಾರಕರು ಸ್ಥಾಪಿಸಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಆತನಿಗೆ ಉದ್ಯೋಗ. ದ್ರವದ ಹುಳಿಗೆ ಕಾರಣವಾದುದು ಅದರಲ್ಲಿರುವ ಜಲಜನಕದ ಅಯಾನುಗಳು. ಅವುಗಳ ಪ್ರಮಾಣ ಅತಿ ಸೂಕ್ಷ್ಮವಾದುದರಿಂದ, ಅದನ್ನು ಬರೆಯಲು ಹೊರಟರೆ ದಶಾಂಶ ಬಿಂದುವಿನ ಮುಂದೆ ಸೊನ್ನೆಗಳ ಸಾಲನ್ನೇ ಬರೆಯಬೇಕಾಗುತ್ತದೆ. ಈ ತೊಡಕನ್ನು ನೀಗಲು ಸೊರೆನ್‌ಸನ್ ಲಾಗರಿಥಮ್ ಲೆಕ್ಕವನ್ನು ಹಿಡಿದನು.

ಇದರಿಂದ ಬರಹ ಸುಲಭವಾಯಿತು. ಆದರೆ ಓದುವವನಿಗೆ ಎರಡು ಎಚ್ಚರಿಕೆಗಳು ಬೇಕಾದುವು. ಮೊದಲನೆಯದು, ಇಲ್ಲಿ ಅಂಕಿ ಇಳಿದಷ್ಟೂ ಹುಳಿ ಏರುತ್ತದೆ. ಎರಡನೆಯದು, ಒಂದೊಂದು ಮೆಟ್ಟಲಿಗೂ ಹುಳಿ ಹತ್ತುಪಟ್ಟು ಬದಲಾಗುತ್ತದೆ. ಎಂಟರಿಂದ ಏಳಕ್ಕೆ ಬಂದರೆ ಹತ್ತುಪಟ್ಟು, ಏಳರಿಂದ ಆರಕ್ಕೆ ಬಂದರೆ ಮತ್ತೆ ಹತ್ತುಪಟ್ಟು. ಭೂಕಂಪವನ್ನು ಅಳೆಯುವ ಅಂಕಿಗಳೂ ಇದೇ ಜಾತಿಯವು. ಆರರ ಕಂಪನಕ್ಕೂ ಏಳರ ಕಂಪನಕ್ಕೂ ಇರುವ ಅಂತರವನ್ನು ಒಂದೆಂದು ಯಾರೂ ತಳ್ಳಿಹಾಕುವುದಿಲ್ಲ.

ಮೇಷ್ಟರೇ, ನಿಮ್ಮ ಪೆಟ್ಟಿಗೆಯಲ್ಲಿ ಹಳೆಯ ಲಾಗರಿಥಮ್ ಕೋಷ್ಟಕ ಇದ್ದೀತು. ತೆಗೆದು ನೋಡಿ: ಎರಡರ ಲಾಗ್ 0.3010. ಎಂದರೆ ಪಿ.ಎಚ್. 0.30ರಷ್ಟು ಇಳಿಯಿತೆಂದರೆ ಹುಳಿ ಎರಡರಷ್ಟಾಯಿತು. ಆರೋಗ್ಯವಂತನ ರಕ್ತದಲ್ಲಿ, 7.40ರಲ್ಲಿ, ಲೀಟರಿಗೆ ಸುಮಾರು 40 ನ್ಯಾನೊಮೋಲ್ ಜಲಜನಕದ ಅಯಾನುಗಳಿರುತ್ತವೆ. 7.10ರಲ್ಲಿ ಅವು ಸುಮಾರು 80. ನೀವು ಮೂವತ್ತು ಪೈಸೆಯೆಂದು ಎಣಿಸಿದ್ದು ಇಮ್ಮಡಿಯಾದ ಹುಳಿ.

ಇನ್ನು ಮಣ್ಣಿನ ಮಾತು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಿಂದ ಇಂದು ಅನೇಕ ರೈತರ ಮನೆಯಲ್ಲಿ ಪಿ.ಎಚ್. ಎಂಬ ಪದ ಬಳಕೆಯಲ್ಲಿದೆ, ಸಂತೋಷದ ಸಂಗತಿಯೇ. ಮಣ್ಣು ಸೈರಣೆಯುಳ್ಳದ್ದು. ಆರೂಕಾಲಿದ್ದರೂ ಏಳೂವರೆಯಿದ್ದರೂ ಬಹುಪಾಲು ಬೆಳೆ ಬರುತ್ತದೆ. ಹಿಪ್ಪುನೇರಳೆಗಂತೂ ಏಳಕ್ಕಿಂತ ಸ್ವಲ್ಪ ಕೆಳಗಿನ ಮಣ್ಣೇ ಹಿತ. ರಕ್ತಕ್ಕೆ ಅಂಥ ಸೈರಣೆಯಿಲ್ಲ. 7.35ರಿಂದ 7.45ರವರೆಗಿನ ಕಿರುದಾರಿಯಲ್ಲಿಯೇ ಅದು ನಡೆಯಬೇಕು. 6.8ಕ್ಕಿಂತ ಕೆಳಗೆ ಅಥವಾ 7.8ಕ್ಕಿಂತ ಮೇಲೆ ಹೋದವರು ಬದುಕುವುದು ಬಹಳ ದುರ್ಲಭ. ದೇಹದ ಸಸಾರಜನಕಗಳು ತಮ್ಮ ಆಕಾರವನ್ನು ಉಳಿಸಿಕೊಂಡು ಕೆಲಸ ಮಾಡಲು, ಹೃದಯ ಬಲವಾಗಿ ಮಿಡಿಯಲು ಈ ಹದವೇ ಬೇಕು. ಏಳೆಂಬುದು ಶುದ್ಧ ನೀರಿಗೆ ನಡುಮಟ್ಟ. ರಕ್ತದ ನಡುಮಟ್ಟ 7.40. ಆದುದರಿಂದ 7.10 ಎಂಬುದು ಹೊಲದಲ್ಲಿ ಸೊಗಸಾದ ಅಂಕಿ. ನೆತ್ತರಿನಲ್ಲಿ ಅಪಾಯದ ಅಂಕಿ.

ಕೋಡಿ ಮತ್ತು ತೂಬು

ಇಷ್ಟು ಕಿರುದಾರಿಯಲ್ಲಿ ರಕ್ತವನ್ನು ನಡೆಸುವವರು ಯಾರು? ನಾವು ಉಂಡುದು ದೇಹದಲ್ಲಿ ಉರಿದಂತೆಲ್ಲ ಹುಳಿ ಹುಟ್ಟುತ್ತಲೇ ಇರುತ್ತದೆ. ಅದನ್ನು ಹಿಡಿದಿಡುವ ಮೊದಲ ಕಾವಲುಗಾರ ಬೈಕಾರ್ಬೊನೇಟ್. ಗೃಹಿಣಿಯರಿಗೆ ಇದು ಅಪರಿಚಿತವಲ್ಲ. ಅಡುಗೆ ಸೋಡದಲ್ಲಿರುವುದು ಇದೇ. ಹುಳಿ ಮಜ್ಜಿಗೆಗೆ ಚಿಟಿಕೆ ಸೋಡ ಹಾಕಿದರೆ ಬುರುಬುರನೆ ನೊರೆಯೇಳುತ್ತದೆ. ಸೋಡ ಹುಳಿಯನ್ನು ನುಂಗಿತು. ಇಂಗಾಲಾಮ್ಲ ವಾಯು ಗುಳ್ಳೆಯಾಗಿ ಹೊರಬಂತು. ರಕ್ತದಲ್ಲಿಯೂ ನಡೆಯುವುದು ಇದೇ. ಅಲ್ಲಿ ಗುಳ್ಳೆಗಳೇಳುವುದಿಲ್ಲ, ಆ ವಾಯು ನಮ್ಮ ಉಸಿರಿನೊಡನೆ ಹೊರಟುಹೋಗುತ್ತದೆ.

ಕೋಲಾರದ ಸೀಮೆ ಕೆರೆಗಳ ಸೀಮೆ. ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದರು. ನಿಮ್ಮೂರಿನ ಹೆಸರಿನಲ್ಲಿಯೂ ಆ ಮಾತುಂಟು. ಕೆರೆಗೆ ಎರಡು ದಾರಿಗಳು. ನೀರು ಮಿತಿಮೀರಿದರೆ ಕೂಡಲೆ ಹರಿದುಹೋಗಲು ಕೋಡಿ. ಅಳೆದು ಬಿಡಲು ತೂಬು, ಅದಕ್ಕೊಬ್ಬ ನೀರುಗಂಟಿ. ದೇಹದ ಕೋಡಿ ಶ್ವಾಸಕೋಶ. ಹುಳಿ ಏರಿದರೆ ಕೆಲವೇ ನಿಮಿಷಗಳಲ್ಲಿ ಉಸಿರು ಬಿರುಸಾಗಿ ಇಂಗಾಲಾಮ್ಲ ವಾಯುವನ್ನು ಹೊರಗೆ ಚೆಲ್ಲುತ್ತದೆ. ನೀರುಗಂಟಿಯ ಕೆಲಸ ಮೂತ್ರಪಿಂಡಗಳದು. ಅವು ಹುಳಿಯನ್ನು ಮೂತ್ರದಲ್ಲಿ ಕಳುಹಿಸುತ್ತವೆ, ಬೈಕಾರ್ಬೊನೇಟನ್ನು ಉಳಿಸಿಕೊಳ್ಳುತ್ತವೆ; ಆದರೆ ನಿಧಾನ. ಅವುಗಳ ಕೆಲಸ ಪೂರ್ತಿಯಾಗಲು ದಿನಗಳೇ ಬೇಕು.

ಚೀಟಿಯ ಮೂರು ಸಾಲು

ಈಗ ಚೀಟಿಯನ್ನು ಓದೋಣ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯುವುದು, ಶ್ವಾಸಕೋಶದಿಂದ ಆಗತಾನೆ ಬಂದ ರಕ್ತದ ಗುಣ ತಿಳಿಯಲೆಂದು. ಸಾಮಾನ್ಯ ಸೂಜಿಗಿಂತ ಇದು ಸ್ವಲ್ಪ ಹೆಚ್ಚು ನೋಯುತ್ತದೆ. ರಕ್ತದೊಡನೆ ಗಾಳಿಯ ಗುಳ್ಳೆ ಸೇರಿದರೆ, ಇಲ್ಲವೆ ಪರೀಕ್ಷೆ ತಡವಾದರೆ, ಅಂಕಿಗಳು ಕೆಡುತ್ತವೆ; ಸಿಬ್ಬಂದಿಯವರು ಸಿರಿಂಜನ್ನು ಹಿಡಿದು ಓಡುವುದು ಇದಕ್ಕಾಗಿಯೇ. ಚೀಟಿಯಲ್ಲಿ ಹತ್ತಾರು ಅಂಕಿಗಳಿದ್ದರೂ ನಮ್ಮ ಪ್ರಶ್ನೆಗೆ ಮೂರು ಸಾಲು ಸಾಕು.

ಒಂದು, ಪಿ.ಎಚ್.: 7.35ರಿಂದ 7.45. ಎರಡು, ಇಂಗಾಲಾಮ್ಲ ವಾಯುವಿನ ಒತ್ತಡ: 35ರಿಂದ 45 ಮಿಲಿಮೀಟರ್ ಪಾದರಸ. ಇದು ಕೋಡಿಯ ಲೆಕ್ಕ. ಮೂರು, ಬೈಕಾರ್ಬೊನೇಟ್: ಲೀಟರಿಗೆ 22ರಿಂದ 26 ಮಿಲಿಮೋಲ್. ಇದು ಸೋಡದ ದಾಸ್ತಾನು.

ಪಿ.ಎಚ್. ಇಳಿದಿದ್ದು ವಾಯು ಏರಿದ್ದರೆ, ದೋಷ ಉಸಿರಾಟದಲ್ಲಿದೆ. ಹೊರಹೋಗಬೇಕಾದುದು ಒಳಗೇ ಉಳಿದಿದೆ. ಪಿ.ಎಚ್. ಇಳಿದಿದ್ದು ಬೈಕಾರ್ಬೊನೇಟ್ ಕುಸಿದಿದ್ದರೆ, ದೇಹದಲ್ಲಿ ಹುಳಿ ಹೆಚ್ಚಿ ದಾಸ್ತಾನನ್ನು ತಿಂದಿದೆ. ಇಲ್ಲವೆ ತೀವ್ರ ಭೇದಿಯಂಥ ಕಾರಣದಿಂದ ದಾಸ್ತಾನೇ ಸೋರಿಹೋಗಿದೆ. ಪಿ.ಎಚ್. ಏರಿದ್ದರೆ ಇದರ ವಿಪರ್ಯಯ: ಭಯದಿಂದಲೋ ನೋವಿನಿಂದಲೋ ಅತಿಯಾಗಿ ಉಸಿರಾಡಿದರೆ ವಾಯು ಇಳಿಯುತ್ತದೆ, ಬಹಳ ವಾಂತಿಯಾಗಿ ಹೊಟ್ಟೆಯ ಆಮ್ಲ ನಷ್ಟವಾದರೆ ಬೈಕಾರ್ಬೊನೇಟ್ ಏರುತ್ತದೆ.

ನಿಮ್ಮ ಮೊಮ್ಮಗನ ಚೀಟಿಯಲ್ಲಿರುವ ಅಂಕಿಗಳು ಇವು: ಪಿ.ಎಚ್. 7.10, ವಾಯು 16, ಬೈಕಾರ್ಬೊನೇಟ್ 5. ನೀವು ಮೊದಲ ಸಾಲನ್ನು ಮಾತ್ರ ನೋಡಿದಿರಿ. ಮೂರನೆಯ ಸಾಲನ್ನು ನೋಡಿ: 24ರ ಆಸುಪಾಸಿನಲ್ಲಿರಬೇಕಾದ ದಾಸ್ತಾನಿನಲ್ಲಿ ಉಳಿದಿದ್ದುದು ಐದು. ಎರಡನೆಯ ಸಾಲನ್ನು ನೋಡಿ: 40 ಇರಬೇಕಾದ ವಾಯು 16ಕ್ಕೆ ಇಳಿದಿದೆ. ಅದನ್ನು ಇಳಿಸಿದುದು ಯಾವುದು? ನಿಮ್ಮನ್ನು ಹೆದರಿಸಿದ ಆ ಏದುಸಿರು. ಸಕ್ಕರೆ ಕಾಯಿಲೆ ವಿಷಮಿಸಿದಾಗ ಬರುವ ಈ ಆಳವಾದ ಉಸಿರನ್ನು ಜರ್ಮನಿಯ ವೈದ್ಯ ಕುಸ್‌ಮೌಲ್ 1874ರಲ್ಲಿಯೇ ವಿವರಿಸಿದನು. ಇಂದಿಗೂ ಅದಕ್ಕೆ ಆತನದೇ ಹೆಸರು. ಅದು ಶ್ವಾಸಕೋಶದ ರೋಗವಲ್ಲ. ಶ್ವಾಸಕೋಶ ದೇಹಕ್ಕಾಗಿ ಹೋರಾಡುತ್ತಿದ್ದುದರ ಗುರುತು. ಬೈಕಾರ್ಬೊನೇಟ್ ಐದಕ್ಕೆ ಇಳಿದ ಮೇಲೂ ಹುಡುಗ ಎಲ್ಲರಂತೆ ಶಾಂತವಾಗಿ ಉಸಿರಾಡಿ, ವಾಯು 40ರಲ್ಲಿಯೇ ನಿಂತಿದ್ದರೆ, ಪಿ.ಎಚ್. ಎಷ್ಟಾಗುತ್ತಿತ್ತು? ಲೆಕ್ಕ ಹಾಕಿದರೆ ಸುಮಾರು 6.7 ಬರುತ್ತದೆ. ನಿಮ್ಮ ಹೊಲದ ಮಣ್ಣಿಗಿಂತಲೂ ಕೆಳಗೆ. ಜೀವ ನಿಲ್ಲದ ಮಟ್ಟ. ಕೋಡಿ ರಭಸವಾಗಿ ಹರಿದುದರಿಂದ ಏರಿ ಒಡೆಯಲಿಲ್ಲ. ಆದರೆ ಎದೆಯ ಸ್ನಾಯುಗಳು ಎಷ್ಟು ಹೊತ್ತು ಹಾಗೆ ದುಡಿಯಬಲ್ಲವು? ಅವು ದಣಿದ ಗಳಿಗೆಯಲ್ಲಿ ಅಂಕಿ ಜಾರುತ್ತದೆ. ವೈದ್ಯರು ತೀವ್ರ ನಿಗಾ ಘಟಕವೇ ಬೇಕೆಂದುದು ಇದಕ್ಕಾಗಿ.

ಕೋಪನ್‌ಹೇಗನ್ನಿನ ಪಾಠ

ಚೀಟಿಯ ಒಂದೇ ಸಾಲನ್ನು ನೋಡಿ ಮೋಸಹೋದವರು ನೀವೊಬ್ಬರೇ ಅಲ್ಲ. ನುರಿತ ವೈದ್ಯರೂ ಹೋಗಿದ್ದರು, ಅದೂ ಪಿ.ಎಚ್. ಹುಟ್ಟಿದ ಊರಿನಲ್ಲಿಯೇ.

1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಮುತ್ತಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಅವರ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿರುವುದನ್ನು ಕಂಡು, ರಕ್ತಕ್ಕೆ ಯಾವುದೋ ಕಾರಣದಿಂದ ಕ್ಷಾರದೋಷ ತಗುಲಿದೆಯೆಂದು ವೈದ್ಯರು ಭಾವಿಸಿದರು. ಅರಿವಳಿಕೆಯ ವೈದ್ಯ ಬಿಯೋರ್ನ್ ಇಬ್ಸೆನ್ ಇದನ್ನು ಒಪ್ಪಲಿಲ್ಲ. ಉಸಿರು ಸಾಲದೆ ಇಂಗಾಲಾಮ್ಲ ವಾಯು ಒಳಗೆ ತುಂಬಿಕೊಂಡಿದೆ, ಇದು ಕ್ಷಾರವಲ್ಲ, ಹುಳಿ ಎಂದನು. ರಕ್ತದ ಪಿ.ಎಚ್. ಅಳೆದಾಗ ಅವನ ಮಾತು ನಿಜವಾಯಿತು. ಆಗಸ್ಟ್ 27ರಂದು, ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯ ಗಂಟಲಿನಲ್ಲಿ ನಳಿಗೆಯಿರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ಕೊಟ್ಟರು. ಆಕೆ ಉಳಿದಳು. ಮುಂದೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಚೀಲಗಳನ್ನು ಒತ್ತಿ ಅನೇಕರ ಪ್ರಾಣವನ್ನು ಉಳಿಸಿದರು. ಅದೇ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರುಪ್ ರಕ್ತಪರೀಕ್ಷೆಯನ್ನು ಸುಲಭಗೊಳಿಸುವ ಕೆಲಸಕ್ಕೆ ಕೈಹಾಕಿದುದೂ ಆ ಪಿಡುಗಿನಿಂದಲೇ. ಕೋಲಾರದಲ್ಲಿ ನಿಮ್ಮ ಕೈಗೆ ಕೆಲವೇ ನಿಮಿಷಗಳಲ್ಲಿ ಬಂದ ಚೀಟಿ ಆ ಕೆಲಸದ ವಂಶಕ್ಕೆ ಸೇರಿದುದು.

ಒಂದು ಸಾಲು ಕೆಟ್ಟಿದ್ದಾಗ ಮಾತ್ರವಲ್ಲ, ಚೆನ್ನಾಗಿರುವಾಗಲೂ ಮೋಸಮಾಡಬಹುದು. ಬಹುಕಾಲ ಬೀಡಿ ಸೇದಿಯೋ ಒಲೆಯ ಹೊಗೆ ಕುಡಿದೋ ಶ್ವಾಸಕೋಶ ಕೆಟ್ಟ ಹಿರಿಯರೊಬ್ಬರ ಚೀಟಿಯಲ್ಲಿ ಪಿ.ಎಚ್. 7.35 ಎಂದಿರಬಹುದು. ಆದರೆ ಕೆಳಗೆ ವಾಯು 60, ಬೈಕಾರ್ಬೊನೇಟ್ 32. ನೀರುಗಂಟಿ ತಿಂಗಳುಗಟ್ಟಲೆ ದುಡಿದು ಅಂಕಿಯನ್ನು ಹದಕ್ಕೆ ತಂದಿದ್ದಾನೆ, ಅಷ್ಟೆ. ಕಾಯಿಲೆ ಇದ್ದೇ ಇದೆ. ಆದುದರಿಂದ ಚೀಟಿಯನ್ನು ಕಂಡ ಕೂಡಲೆ ಪಿ.ಎಚ್. ಒಂದನ್ನೇ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. "ಮೂರು ಸಾಲೂ ಏನು ಹೇಳುತ್ತವೆ? ಮುಂಚಿನ ಚೀಟಿಗಿಂತ ಸುಧಾರಿಸಿದೆಯೇ?" ಎಂದು ವೈದ್ಯರನ್ನು ಕೇಳಿ. ಕೇಳುವ ಹಕ್ಕು ಮನೆಯವರಿಗಿದೆ.

ಇನ್ಸುಲಿನ್ ನಿಂತಾಗ

ಇನ್ನು ನಿಮ್ಮ ಎದೆಯನ್ನು ಕೊರೆಯುತ್ತಿರುವ ಪ್ರಶ್ನೆ. ಊಟವಿಲ್ಲದ ಮೇಲೆ ಇನ್ಸುಲಿನ್ ಏಕೆ? ಮೇಲುನೋಟಕ್ಕೆ ಇದು ನ್ಯಾಯವಾದ ತರ್ಕ. ಆದರೆ ಇನ್ಸುಲಿನ್ ಉಂಡ ಅನ್ನಕ್ಕಾಗಿ ಮಾತ್ರ ಇರುವುದಲ್ಲ. ಅದು ಪೂರ್ತಿ ಇಲ್ಲವಾದರೆ, ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ದೇಹದ ಕಣಗಳು ಅದನ್ನು ಬಳಸಿಕೊಳ್ಳಲಾರವು. ಆಗ ಕೊಬ್ಬು ಕರಗುತ್ತದೆ. ಪಿತ್ತಜನಕಾಂಗ ಅದನ್ನು ಕೀಟೋನ್ ಎಂಬ ಹುಳಿ ಪದಾರ್ಥಗಳಾಗಿ ಮಾರ್ಪಡಿಸುತ್ತದೆ. ಜ್ವರ ಬಂದಾಗ ದೇಹಕ್ಕೆ ಬೇಕಾಗುವ ಇನ್ಸುಲಿನ್ ಇನ್ನೂ ಹೆಚ್ಚು. ಎಂದರೆ, ಹೆಚ್ಚು ಬೇಕಾದ ದಿನವೇ ಹುಡುಗನಿಗೆ ಅದು ನಿಂತುಹೋಯಿತು. ಆ ಹುಳಿಯೇ ಅವನ ದಾಸ್ತಾನನ್ನು ಐದಕ್ಕೆ ಇಳಿಸಿದುದು. 1922ರ ಜನವರಿಯಲ್ಲಿ ಟೊರಾಂಟೊ ನಗರದ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಈ ಸ್ಥಿತಿಯಿಂದ ಹಿಂದಿರುಗಿ ಬರುವ ದಾರಿಯೇ ಇರಲಿಲ್ಲ.

ಇಂಥ ಮಕ್ಕಳಿರುವ ಮನೆಯವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಇನ್ಸುಲಿನ್ನಿನಿಂದಲೇ ಬದುಕುವವರಿಗೆ ಕಾಯಿಲೆಯ ದಿನವೂ ಅದನ್ನು ಪೂರ್ತಿ ನಿಲ್ಲಿಸಬಾರದು. ಪ್ರಮಾಣವನ್ನು ಬದಲಿಸಬೇಕಾಗಬಹುದು, ಅದು ವೈದ್ಯರೊಡನೆ ಮಾತನಾಡಿ ಆಗಬೇಕಾದ ಕೆಲಸ. ಎರಡು ಮೂರು ಗಂಟೆಗೊಮ್ಮೆ ಸಕ್ಕರೆಯನ್ನು ನೋಡಬೇಕು, ಗುಟುಕು ಗುಟುಕಾಗಿ ನೀರು ಕೊಡುತ್ತಿರಬೇಕು. ಸಕ್ಕರೆ 250ಕ್ಕಿಂತ ಮೇಲೇರಿದರೆ, ಅಥವಾ ವಾಂತಿಯಾಗುತ್ತಿದ್ದರೆ, ಕೀಟೋನ್ ಪರೀಕ್ಷೆ ಮಾಡಬೇಕು. ಬೆರಳಿನ ರಕ್ತದಲ್ಲಿ ಕೀಟೋನ್ 0.6ಕ್ಕಿಂತ ಕಡಮೆಯಿದ್ದರೆ ಚಿಂತೆಯಿಲ್ಲ, 1.5 ದಾಟಿದರೆ ವೈದ್ಯರಿಗೆ ಕೂಡಲೆ ತಿಳಿಸಬೇಕು. 3 ಮುಟ್ಟಿದರೆ ಆಸ್ಪತ್ರೆಗೇ ಹೋಗಬೇಕು. ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಉಸಿರಿನಲ್ಲಿ ಮಾಗಿದ ಹಣ್ಣಿನಂಥ ವಾಸನೆ, ಮಂಕು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು, 108ಕ್ಕೆ ಕರೆಮಾಡಬೇಕು. ಏದುಸಿರು ತಣ್ಣಗಾಗಲೆಂದು ನಿದ್ದೆಯ ಮಾತ್ರೆಯನ್ನಂತೂ ಕೊಡಲೇಬಾರದು. ಅದು ಕೋಡಿಗೆ ಕಲ್ಲು ಕಟ್ಟಿದಂತೆ.

ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬಂಥ ಮಾತ್ರೆಗಳನ್ನು ತೆಗೆದುಕೊಳ್ಳುವ ಹಿರಿಯರಿಗೂ ಒಂದು ಮಾತು. ಇವುಗಳಿಂದ, ಸಕ್ಕರೆ ಅಷ್ಟಾಗಿ ಏರದೆಯೇ ರಕ್ತ ಹುಳಿಯಾಗುವ ಸಂಭವ ಅಪರೂಪವಾಗಿ ಉಂಟು. ವಾಂತಿಯಾಗಿ ಊಟ ಬಿಟ್ಟ ದಿನ ಆ ಮಾತ್ರೆಯನ್ನು ತಡೆಯಬೇಕೇ ಎಂದು ವೈದ್ಯರನ್ನು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಇಷ್ಟು ಓದಿದ ಮೇಲೆ, ಹಾಗಾದರೆ ಮನೆಯಲ್ಲಿಯೇ ಅಡುಗೆ ಸೋಡ ಕುಡಿಸಬಹುದಲ್ಲ ಎಂದು ಯಾರಿಗಾದರೂ ಹೊಳೆದೀತು. ಬೇಡ. ಹುಳಿಯ ಹುಟ್ಟಡಗಿಸುವುದು ಇನ್ಸುಲಿನ್ ಮತ್ತು ನೀರಿನ ಕೆಲಸ. ಜೊತೆಗೆ ರಕ್ತದ ಪೊಟ್ಯಾಸಿಯಮ್ಮನ್ನು ಗಳಿಗೆಗಳಿಗೆಗೂ ಕಾಯಬೇಕು. ಆಸ್ಪತ್ರೆಯಲ್ಲಿ ಕೂಡ ಈ ರೋಗದಲ್ಲಿ ಬೈಕಾರ್ಬೊನೇಟ್ ಕೊಡುವುದು ಪಿ.ಎಚ್. ಬಹಳ ಕೆಳಗೆ ಕುಸಿದಾಗ ಮಾತ್ರ. ಹಾಗೆಯೇ ರಕ್ತದ ಹುಳಿಯನ್ನು ಕಳೆಯುವುದೆಂದು ಪೇಟೆಯಲ್ಲಿ ಮಾರುವ ಕ್ಷಾರದ ನೀರಿಗೂ ಮರುಳಾಗಬೇಡಿ. ಆರೋಗ್ಯವಂತನು ಹುಣಸೆಯ ಸಾರುಂಡರೂ ನಿಂಬೆಯ ಪಾನಕ ಕುಡಿದರೂ ರಕ್ತದ ಪಿ.ಎಚ್. ಕದಲುವುದಿಲ್ಲ, ಮೂತ್ರದ್ದು ಬದಲಾಗಬಹುದು, ಅದು ನೀರುಗಂಟಿ ಎಚ್ಚರವಾಗಿದ್ದಾನೆಂಬುದಕ್ಕೆ ಸಾಕ್ಷಿ. ಆರೋಗ್ಯವಾಗಿರುವವರು ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ.

ಮೇಷ್ಟರೇ, ಮುಚ್ಚದೆ ಹೇಳಿ ಎಂದು ಬರೆದಿರಿ. ಇನ್ಸುಲಿನ್ ನಿಲ್ಲಿಸಿದುದು ದೊಡ್ಡ ತಪ್ಪು. ಆ ಅರ್ಧ ಗಂಟೆಯ ವಾದವೂ ತಪ್ಪೇ. ಆದರೆ ಮೊದಲನೆಯದು ಅಕ್ಕರೆಯಿಂದಲೇ ಆದುದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ, ಓದಿದವರ ಮನೆಗಳಲ್ಲಿಯೂ, ಇದೇ ನಡೆಯುತ್ತಿದೆ. ಏದುಸಿರನ್ನು ಕಂಡು ತಡಮಾಡದೆ ಹುಡುಗನನ್ನು ಕೋಲಾರಕ್ಕೆ ಕರೆದೊಯ್ದವರೂ ನೀವೇ ಅಲ್ಲವೇ? ಇನ್ನು ಮೇಲೆ ಒಂದು ಕೆಲಸ ಮಾಡಿ. ಕಾಯಿಲೆಯ ದಿನ ಇನ್ಸುಲಿನ್ ಎಷ್ಟು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹುಡುಗನ ವೈದ್ಯರಿಂದಲೇ ಬರೆಸಿಕೊಂಡು, ಆ ಕಾಗದವನ್ನು ಮಣ್ಣಿನ ಚೀಟಿಯ ಪಕ್ಕದಲ್ಲಿ ಗೋಡೆಗೆ ಅಂಟಿಸಿ. ಅದರ ಪ್ರತಿಯೊಂದು ಅವನ ಹಾಸ್ಟೆಲಿನ ಕೋಣೆಯಲ್ಲಿಯೂ ಇರಲಿ. ಜೊತೆಗಿರುವ ಹುಡುಗರಿಗೂ ತಿಳಿದಿರಲಿ. ಆಮೇಲೆ ನಿದ್ದೆ ಮಾಡಿ. ಮೊಮ್ಮಗನಿಗೆ ನನ್ನ ಆಶೀರ್ವಾದ ತಿಳಿಸಿ.